ತಿದಿಯ ಗಾಳಿ, ಊರಿನ ಕೊರಳು

ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಅರಮನೆಯಲ್ಲಿ ಒಂದು ಆರ್ಗನ್ ಇತ್ತು, ಹುಲಿಯ ಹೊಟ್ಟೆಯೊಳಗೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ರಾಗಮಹಲೆಂಬ ಸಂಗೀತದ ಕೋಣೆಯಲ್ಲಿ ಅದು ಇಂಗ್ಲಿಷರ ಕೈಗೆ ಸಿಕ್ಕಿತು. ಮರದಲ್ಲಿ ಕಡೆದು ಬಣ್ಣ ಬಳಿದ ಹುಲಿ, ಅದರ ಅಡಿಯಲ್ಲಿ ಅಂಗಾತ ಬಿದ್ದ ಬಿಳಿಯ ಸಿಪಾಯಿ, ಎಲ್ಲ ಸೇರಿ ಆರಡಿಗೆ ಸ್ವಲ್ಪ ಕಡಿಮೆ ಉದ್ದ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಹುಲಿ ಗುರುಗುಟ್ಟುತ್ತದೆ, ಸಿಪಾಯಿಯ ಕೈ ಎದ್ದು ಇಳಿಯುತ್ತದೆ, ಅವನ ಬಾಯಿಂದ ನರಳಾಟ ಹೊರಡುತ್ತದೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬಗ್ಗೆ ಮಾತೆತ್ತಿದವರೆಲ್ಲ ಹುಲಿಯನ್ನು, ಸಿಪಾಯಿಯನ್ನು, ಟಿಪ್ಪುವಿನ ಸಿಟ್ಟನ್ನು ನೆನೆಯುತ್ತಾರೆ. ನನ್ನ ಮನಸ್ಸು ಹೋಗಿ ನಿಲ್ಲುವುದು ಹುಲಿಯ ಪಕ್ಕೆಯಲ್ಲಿರುವ ಮುಚ್ಚಳದ ಹತ್ತಿರ. ಅದನ್ನು ತೆರೆದರೆ ದಂತದ 18 ಮನೆಗಳಿರುವ ಪುಟ್ಟ ಆರ್ಗನ್ ಕಾಣುತ್ತದೆ.

ನರಳಾಟಕ್ಕೂ ಸ್ವರಕ್ಕೂ ಒಂದೇ ಹಿಡಿಕೆ. ಒಬ್ಬ ತಿರುಗಿಸುತ್ತಲೇ ಇರಬೇಕು, ಇನ್ನೊಬ್ಬ ಆ ಕೂಗಿನ ಪಕ್ಕದಲ್ಲೇ ಕೂತು ಸ್ವರ ಹುಡುಕಬೇಕು. ಸಾವಿನ ಗೊಂಬೆಯೊಳಗೆ ಒಂದು ವಾದ್ಯವನ್ನೂ ಇಡೋಣವೆಂದು ಯಾರಿಗೋ ತೋಚಿತಲ್ಲ, ಆ ತೋಚಿದ್ದು ನನ್ನನ್ನು ಎಷ್ಟೋ ವರ್ಷಗಳಿಂದ ಬಿಟ್ಟಿಲ್ಲ. ಒಳಗಿನ ಯಂತ್ರದಲ್ಲಿ ಫ್ರೆಂಚ್ ಕುಶಲಕರ್ಮಿಗಳ ಕೈಯಿದ್ದಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆಗೆ ಆಧಾರ ದೂರದಲ್ಲೇನೂ ಇಲ್ಲ. ಪಟ್ಟಣದಿಂದ ಉತ್ತರಕ್ಕೆ ಸ್ವಲ್ಪ ಹೋದರೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಪರವಾಗಿ ದುಡಿದ ಫ್ರೆಂಚರು ಅಲ್ಲಿಯ ಬಂಡೆಗಳ ನೆರಳಲ್ಲಿ ಬೀಡುಬಿಟ್ಟಿದ್ದರಿಂದ ಅದು ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರವಾಯಿತು. ಕೋಟೆ ಬಿದ್ದ ವರ್ಷವೇ ಇನ್ನೊಬ್ಬರು ಫ್ರೆಂಚರು ಪಟ್ಟಣಕ್ಕೆ ಬಂದರು. ಪಾದ್ರಿ ಅಬ್ಬೆ ದುಬುವಾ. ಯುದ್ಧದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದು ಅವರ ಕೆಲಸವಾಗಿತ್ತು. ಈ ನಾಡಿನವರ ಉಡುಪುಟ್ಟು, ಈ ನಾಡಿನವರ ಊಟ ಉಂಡು, 1823ರವರೆಗೂ ಇದ್ದರು. ಅವರ ಹೆಸರಿನ ಚರ್ಚು ಶ್ರೀರಂಗಪಟ್ಟಣದಲ್ಲಿ ಈಗಲೂ ಇದೆ.

ಚದುರಿದವರನ್ನು ಒಟ್ಟುಗೂಡಿಸಲು ಮಾತು ಸಾಲದು. ಮಾತಿಗೆ ಒಬ್ಬ ಹೇಳಬೇಕು, ಉಳಿದವರು ಕೇಳಬೇಕು. ಹಾಡಿಗಾದರೆ ಎಲ್ಲರೂ ಒಂದೇ ಹೊತ್ತಿನಲ್ಲಿ ಉಸಿರೆಳೆದು ಒಂದೇ ಹೊತ್ತಿನಲ್ಲಿ ಬಿಡಬೇಕು. ಹೀಗೆ ಬೇರೆ ಬೇರೆ ಮನೆಗಳಿಂದ ಬಂದ, ಬೇರೆ ಬೇರೆ ಚಿಂತೆಗಳನ್ನು ಹೊತ್ತ ಮೂವತ್ತು ಜನರ ಉಸಿರನ್ನು ಒಂದು ಮಾಡಲು ಯಾರಾದರೂ ಒಬ್ಬರು ಕೂತಿರಬೇಕಾಗುತ್ತದೆ. ಚರ್ಚಿನಲ್ಲಿ ಅವರನ್ನು ಆರ್ಗನಿಸ್ಟ್ ಎನ್ನುತ್ತಾರೆ, ಕ್ವಾಯರ್ ಮಾಸ್ಟರ್ ಎನ್ನುತ್ತಾರೆ. ಅವರು ಬಹಳ ಸಲ ಜನರಿಗೆ ಬೆನ್ನು ತಿರುಗಿಸಿ ಕೂತಿರುತ್ತಾರೆ. ಅವರ ಕೊರಳು ಯಾರಿಗೂ ಕೇಳಿಸುವುದಿಲ್ಲ. ಕೇಳಿಸುವುದು ಬೇರೆಯವರ ಕೊರಳು, ಆದರೂ ಹಾಡುತ್ತಿರುವುದು ಅವರೇ. ಇಂಥ ಬದುಕು ಎಂಥದ್ದಿರಬಹುದೆಂದು ಯೋಚಿಸಿದಾಗಲೆಲ್ಲ ನನಗೆ ಥಾಮಸ್ ಡಾರ್ಸಿ ನೆನಪಾಗುತ್ತಾರೆ.

ಡಾರ್ಸಿ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ವಿಲ್ಲಾ ರಿಕಾ ಎಂಬ ಸಣ್ಣ ಊರಿನ ಕರಿಯರ ಮನೆಯೊಂದರಲ್ಲಿ. ಗುಲಾಮಗಿರಿ ಕಾಯಿದೆಯಲ್ಲಿ ಮುಗಿದು ಮೂರು ದಶಕ ದಾಟಿತ್ತು, ಬದುಕಿನಲ್ಲಿ ಮುಗಿದಿರಲಿಲ್ಲ. ಅಪ್ಪ ಊರೂರು ತಿರುಗಿ ಉಪದೇಶ ಮಾಡುವ ಬ್ಯಾಪ್ಟಿಸ್ಟ್ ಪಾದ್ರಿ, ಅವ್ವ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಮಗ ಕಲಿತದ್ದು ಅವ್ವನ ವಾದ್ಯವನ್ನು, ಆದರೆ ಹೊಟ್ಟೆಪಾಡು ಅವರನ್ನು ಒಯ್ದದ್ದು ಬೇರೆ ಕಡೆಗೆ. ಅಟ್ಲಾಂಟಾದ ಥಿಯೇಟರಿನಲ್ಲಿ ತಂಪುಪಾನೀಯ ಮಾರುತ್ತ ಪಿಯಾನೋ ನುಡಿಸುವವರ ಕೈಯನ್ನೇ ನೋಡುತ್ತಿದ್ದ ಹುಡುಗ, ಷಿಕಾಗೊಗೆ ಬಂದು ಬ್ಲೂಸ್ ಎಂಬ ಕರಿಯರ ದುಃಖದ ಹಾಡುಗಳ ವಾದಕನಾದ. ಮಾ ರೈನಿ ಎಂಬ ದೊಡ್ಡ ಗಾಯಕಿಯ ತಂಡವನ್ನು ನಡೆಸಿದ. 1928ರಲ್ಲಿ ಟ್ಯಾಂಪಾ ರೆಡ್ ಜೊತೆ ಮಾಡಿದ ಒಂದು ಪೋಲಿ ಹಾಡಿನ ಗ್ರಾಮಫೋನ್ ತಟ್ಟೆ ಮನೆಮನೆಗೆ ಹೋಯಿತು. ಇದರ ನಡುವೆಯೇ ಎರಡು ಸಲ ಮನಸ್ಸು ಕುಸಿದು ತಿಂಗಳುಗಟ್ಟಲೆ ಕೆಲಸವೇ ಬಿಟ್ಟುಹೋಗಿತ್ತು. ಆಮೇಲೆ ಅವರು ದೇವರ ಹಾಡು ಕಟ್ಟತೊಡಗಿದರು. ಆದರೆ ಬೆರಳಿಗೆ ಗೊತ್ತಿದ್ದದ್ದು ಬ್ಲೂಸ್. ಭಕ್ತಿಯ ಮಾತಿನ ಕೆಳಗೆ ಅದೇ ಲಯ, ಅದೇ ಎಳೆತ, ಅದೇ ಅಳು. ಹಾಡಿನ ಹಾಳೆಗಳನ್ನು ಅಚ್ಚು ಹಾಕಿಸಿ ಚರ್ಚಿನಿಂದ ಚರ್ಚಿಗೆ ಹೊತ್ತುಕೊಂಡು ತಿರುಗಿದರೆ, ಇದು ಹೆಂಡದಂಗಡಿಯ ಸಂಗೀತ ಎಂದು ಹೊರಗೆ ಕಳಿಸಿದರು. ಒಳ್ಳೊಳ್ಳೆಯ ಚರ್ಚುಗಳಿಂದಲೇ ತಮ್ಮನ್ನು ಆಚೆ ನೂಕಿದ್ದರೆಂದು ಅವರು ಮುದುಕರಾದ ಮೇಲೂ ನೆನೆಯುತ್ತಿದ್ದರು.

ಅವರನ್ನು ಒಳಗೆ ಕರೆದುಕೊಂಡದ್ದು ಷಿಕಾಗೊದ ಬಡ ಜನ. ದಕ್ಷಿಣದ ಹತ್ತಿಯ ಹೊಲ ಬಿಟ್ಟು ರೈಲು ಹತ್ತಿ ಬಂದಿದ್ದವರು, ಮಾಂಸದ ಕಾರ್ಖಾನೆಗಳಲ್ಲಿ, ಉಳ್ಳವರ ಅಡುಗೆಮನೆಗಳಲ್ಲಿ ದುಡಿಯುತ್ತಿದ್ದವರು. ಅಲ್ಲಿಯ ಕರಿಯರ ದೊಡ್ಡ ಚರ್ಚುಗಳು ಆಗ ಯುರೋಪಿನ ಶಾಸ್ತ್ರೀಯ ಸಂಗೀತವನ್ನು ಒಪ್ಪವಾಗಿ ಹಾಡುತ್ತಿದ್ದವು. ಹಳ್ಳಿಯಿಂದ ಬಂದವರಿಗೆ ಅಲ್ಲಿ ಬಾಯಿ ತೆರೆಯಲು ಸಂಕೋಚ. 1931ರಲ್ಲಿ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಡಾರ್ಸಿಯವರು ಥಿಯೊಡೋರ್ ಫ್ರೈ ಎಂಬ ಗಾಯಕರ ಜೊತೆ ಸೇರಿ ಈ ಸಂಕೋಚದ ಜನರದ್ದೇ ಒಂದು ಕ್ವಾಯರ್ ಕಟ್ಟಿದರು. ಮುಂದಿನ ವರ್ಷ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚು ಅವರನ್ನು ಕರೆಸಿಕೊಂಡಿತು. ಅಲ್ಲಿ ಅವರು ನಾಲ್ಕು ದಶಕಗಳಿಗೂ ಮೀರಿ ಹಾಡಿಸಿದರು. ನೊಟೇಶನ್ ಓದಲು ಬಾರದವರಿಗೆ ಬಾಯಿಪಾಠ ಮಾಡಿಸುವುದು, ಯಾರಿಗೆ ಯಾವ ಸ್ಥಾಯಿ ಒಗ್ಗುತ್ತದೆಂದು ಗುರುತಿಸುವುದು, ನಾಚುವವರನ್ನು ಮುಂದಕ್ಕೆ ನಿಲ್ಲಿಸುವುದು, ಇದು ವಾರವಾರದ ಕೆಲಸ. ಸ್ಯಾಲಿ ಮಾರ್ಟಿನ್ ಎಂಬ ಗಾಯಕಿ ಅವರ ಹಾಡಿನ ವ್ಯಾಪಾರದ ಲೆಕ್ಕವನ್ನು ಹದಕ್ಕೆ ತಂದರು, ಊರೂರು ತಿರುಗಿ ಹೊಸ ಕ್ವಾಯರುಗಳನ್ನು ಕಟ್ಟಿದರು. ಇತಿಹಾಸ ಬರೆಯುವವರು ಡಾರ್ಸಿಯವರನ್ನು ಗಾಸ್ಪೆಲ್ ಎಂಬ ಈ ಭಕ್ತಿಸಂಗೀತದ ಪಿತಾಮಹ ಎನ್ನುತ್ತಾರೆ. ಲೆಕ್ಕದ ಪುಸ್ತಕ ಹಿಡಿದು ಕೂತ ಆ ತಾಯಿಯನ್ನೂ ಅದೇ ಉಸಿರಲ್ಲಿ ನೆನೆಯಬೇಕೆಂದು ನನ್ನ ಆಸೆ.

ಪಿಲ್‌ಗ್ರಿಮ್ ಚರ್ಚಿಗೆ ಸೇರಿದ ವರ್ಷವೇ, 1932ರ ಆಗಸ್ಟ್‌ನಲ್ಲಿ, ಡಾರ್ಸಿಯವರು ಸೇಂಟ್ ಲೂಯಿಸ್ ನಗರದಲ್ಲಿ ಹಾಡಿಸಲು ಹೋಗಿದ್ದರು. ಮನೆಯಲ್ಲಿ ಹೆಂಡತಿ ನೆಟಿ ತುಂಬು ಗರ್ಭಿಣಿ. ಸಭೆಯ ನಡುವೆ ತಂತಿ ಬಂತು. ನೆಟಿ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದರು. ಗಂಡು ಮಗುವೂ ಉಳಿಯಲಿಲ್ಲ. ಅವ್ವ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು. ದೇವರು ತನಗೆ ಅನ್ಯಾಯ ಮಾಡಿದನೆಂದು ಡಾರ್ಸಿ ಹಾಡುಗಳನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಕೆಲವು ದಿನಗಳ ಮೇಲೆ ಒಂದು ಸಂಜೆ, ಗೆಳೆಯರೊಬ್ಬರು ಕರೆದೊಯ್ದ ಸಂಗೀತದ ಕೋಣೆಯಲ್ಲಿ ಪಿಯಾನೋ ಮುಂದೆ ಕೂತಾಗ, ಹಳೆಯದೊಂದು ಕೀರ್ತನೆಯ ಧಾಟಿ ಬೆರಳಿಗೆ ಬಂತು. ಅದರ ಮೇಲೆ ಹೊಸ ಮಾತು ಕೂತಿತು. 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಹುಟ್ಟಿದ್ದು ಹೀಗೆ. ಅದು ದೇವರನ್ನು ಹೊಗಳುವ ಹಾಡಲ್ಲ. ಸೋತು ಬಿದ್ದವನು ಕೈ ಹಿಡಿದು ಎಬ್ಬಿಸೆಂದು ಕೇಳುವ ಹಾಡು.

ಸಂಕಟದಲ್ಲಿ ಹಾಡು ಹುಟ್ಟುವುದು ಹೊಸದಲ್ಲ. ನಾನು ಬೆರಗಾಗುವುದು ಅದಾದ ಮೇಲಿನ ಭಾನುವಾರಗಳಿಗೆ. ಆ ಹಾಡನ್ನು ಅವರು ತಮ್ಮ ಎದೆಯಲ್ಲಿಟ್ಟುಕೊಳ್ಳಲಿಲ್ಲ. ಕ್ವಾಯರಿಗೆ ಕಲಿಸಿದರು. ಹೆಂಡತಿ ಮಗುವನ್ನು ಕಳೆದುಕೊಂಡ ಮನುಷ್ಯ ಆ ದುಃಖದ ಸ್ವರಗಳನ್ನು ಇಲ್ಲಿ ಎಳೆಯಿರಿ, ಇಲ್ಲಿ ನಿಲ್ಲಿಸಿ ಎಂದು ಇತರರಿಗೆ ತಿದ್ದಿ ಹೇಳಿಕೊಡಬೇಕಾದರೆ ಮನಸ್ಸು ಎಷ್ಟು ಗಟ್ಟಿಯಾಗಿರಬೇಕು, ಎಷ್ಟು ಮೆತ್ತಗಾಗಿರಬೇಕು. ಕಲಿತವರು ಅದನ್ನು ಡಾರ್ಸಿಯ ದುಃಖವೆಂದು ಹಾಡಲಿಲ್ಲ, ತಮ್ಮ ತಮ್ಮ ಮನೆಯ ಸಾವನ್ನು ನೆನೆದು ಹಾಡಿದರು. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಹೋಟೆಲಿನ ಮೊಗಸಾಲೆಯಲ್ಲಿ ನಿಂತು, ಈ ರಾತ್ರಿಯ ಸಭೆಯಲ್ಲಿ ಆ ಹಾಡನ್ನು ನುಡಿಸಬೇಕೆಂದು ಬೆನ್ ಬ್ರಾಂಚ್ ಎಂಬ ಸ್ಯಾಕ್ಸೊಫೋನ್ ವಾದಕರನ್ನು ಕೇಳಿಕೊಂಡರು. ಮರುಕ್ಷಣದಲ್ಲಿ ಗುಂಡು ತಗುಲಿತು. ಅವರ ಅಂತ್ಯಕ್ರಿಯೆಯ ದಿನ ಮಹೇಲಿಯಾ ಜಾಕ್ಸನ್ ಅದನ್ನು ಹಾಡಿದರು. ಒಬ್ಬ ಮನುಷ್ಯನ ಮನೆಯ ಸೂತಕ ಒಂದು ದೇಶದ ಸೂತಕಕ್ಕೆ ಒದಗಿತು.

ಇಲ್ಲಿಂದ ನನ್ನ ಯೋಚನೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಬರುತ್ತದೆ. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರವೇ ಆ ಊರು. 'ಇಂಗ್ಲಿಷ್ ಗೀತಗಳು' ಎಂಬ ಅವರ ಪುಸ್ತಕದಿಂದ ಕನ್ನಡ ಕಾವ್ಯದ ದಾರಿ ತಿರುಗಿತೆಂದು ಎಲ್ಲರೂ ಓದಿದ್ದೇವೆ. ಆದರೆ ಆ ಹೊತ್ತಿನ ಅವರ ಕವನಗಳಲ್ಲಿ ಜನರ ಬಾಯಲ್ಲಿ ಬದುಕಿ ಉಳಿದದ್ದು 'ಕರುಣಾಳು ಬಾ ಬೆಳಕೆ'. ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಅದನ್ನು ಹಾಡಿ ಬೆಳೆದವರಿಗೆ ಅದೊಂದು ಚರ್ಚಿನ ಹಾಡೆಂದು ಅನ್ನಿಸಿಯೇ ಇರುವುದಿಲ್ಲ. ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯಲ್ಲಿ ಸಾವಿನ ಬಾಗಿಲಿನವರೆಗೂ ಹೋಗುವಂಥ ಜ್ವರ ಬಂದು ವಾಸಿಯಾಗಿ, ಊರಿಗೆ ಹೊರಟಾಗ ಹಡಗು ಗಾಳಿಯಿಲ್ಲದೆ ಬೊನಿಫಾಸಿಯೊ ಜಲಸಂಧಿಯಲ್ಲಿ ನಿಂತುಬಿಟ್ಟಿತ್ತು. ಗಾಳಿಗಾಗಿ ಕಾಯುತ್ತ ಕೂತವರು ಬರೆದ ಪದ್ಯ ಅದು.

ಪದ್ಯಕ್ಕೆ ಗಾಳಿ ಸಿಕ್ಕಿದ್ದು ಮೂವತ್ತೆರಡು ವರ್ಷಗಳ ಮೇಲೆ. ಜಾನ್ ಬ್ಯಾಕಸ್ ಡೈಕ್ಸ್ ಎಂಬ ಪಾದ್ರಿ 1865ರಲ್ಲಿ ಅದಕ್ಕೊಂದು ಧಾಟಿ ಹಾಕಿದರು. ಅವರು ಇನ್ನೂ ಹುಡುಗರಾಗಿದ್ದಾಗಲೇ ಅಜ್ಜನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಲಂಡನ್ನಿನ ಗಿಜಿಗುಡುವ ಸ್ಟ್ರಾಂಡ್ ಬೀದಿಯಲ್ಲಿ ನಡೆದುಹೋಗುವಾಗ ಈ ಧಾಟಿ ತಲೆಗೆ ಬಂತಂತೆ. ಜನ ಮೆಚ್ಚಿದ್ದು ಡೈಕ್ಸರ ಧಾಟಿಯಿಂದ, ನನ್ನ ಮಾತಿನಿಂದಲ್ಲ ಎಂದು ನ್ಯೂಮನ್ ತಾವೇ ಒಪ್ಪಿಕೊಂಡರು. ಗಾಂಧೀಜಿಗೆ ಅದು ಅಚ್ಚುಮೆಚ್ಚು, ಆಶ್ರಮದ ಪ್ರಾರ್ಥನೆಯಲ್ಲಿ ಅದಕ್ಕೆ ಜಾಗವಿತ್ತು. ಕಿಂಗ್ ಅವರಿಗೆ ಆ ಹಾಡು, ಗಾಂಧಿಯವರಿಗೆ ಈ ಹಾಡು. ಎರಡರಲ್ಲೂ ಕತ್ತಲೆಯಲ್ಲಿ ದಾರಿ ತಪ್ಪಿದವನು ಕೈ ನೀಡುವವರಿಗಾಗಿ ಕಾದಿದ್ದಾನೆ. ಕೋಟಿ ಜನರನ್ನು ನಡೆಸಿದ ಇಬ್ಬರಿಗೂ ಬೇಕಾದದ್ದು ತಮ್ಮನ್ನು ನಡೆಸು ಎಂದು ಕೇಳುವ ಹಾಡೇ ಎಂಬುದನ್ನು ನೆನೆದಾಗ ನಾನು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಸುಮ್ಮನೆ ಕೂತುಬಿಡುತ್ತೇನೆ. ಬೆಳ್ಳೂರಿನವರೊಬ್ಬರ ಮೂಲಕ ಅದು ಕನ್ನಡಕ್ಕೆ ಬಂದಾಗ ಡೈಕ್ಸರ ಧಾಟಿ ಅದರ ಜೊತೆ ಬರಲಿಲ್ಲ. ನಮ್ಮವರು ನಮ್ಮ ರಾಗಗಳಲ್ಲಿ ಹಾಡಿಕೊಂಡರು, ಹಳ್ಳಿಯ ಶಾಲೆಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಹಾಡಿಕೊಂಡರು.

ಹಾರ್ಮೋನಿಯಂ ಎಂದೆ. ಅದೂ ಚರ್ಚಿನ ಕೂಸೇ. ಕೊಳವೆಗಳ ಆರ್ಗನ್ ಕಟ್ಟಿಸಲು ಶಕ್ತಿಯಿಲ್ಲದ ಸಣ್ಣ ಚರ್ಚುಗಳಿಗಾಗಿ, ಮನೆಯ ಪ್ರಾರ್ಥನೆಗಾಗಿ, 1840ರ ದಶಕದ ಹೊತ್ತಿಗೆ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಅದಕ್ಕೊಂದು ರೂಪ ಕೊಟ್ಟು ಆ ಹೆಸರಿಟ್ಟರು. ಕೊಳವೆಯ ಬದಲು ಹಿತ್ತಾಳೆಯ ತೆಳ್ಳನೆ ನಾಲಿಗೆಗಳು, ಕಾಲಿನಿಂದ ತುಳಿಯುವ ತಿದಿ. ಮಿಷನರಿಗಳ ಸಾಮಾನಿನ ಜೊತೆ ಹಡಗು ಹತ್ತಿ ಅದು ಇಲ್ಲಿಗೆ ಬಂತು. ನಮ್ಮವರು ನೆಲದ ಮೇಲೆ ಕೂತು ಹಾಡುವವರು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲು ತೆಗೆದು, ತಿದಿಯನ್ನು ಹಿಂದಕ್ಕೆ ತಂದು, ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ನುಡಿಸುವ ಪೆಟ್ಟಿಗೆ ಮಾಡಿದರು. ಕಾಲಿನದ್ದನ್ನು ಮಾತ್ರ ಬಿಡದೆ ಇಟ್ಟುಕೊಂಡವು ನಾಟಕ ಕಂಪನಿಗಳು. ಗುಬ್ಬಿ ಕಂಪನಿಯಂಥ ದೊಡ್ಡ ಕಂಪನಿಗಳಲ್ಲಿ ರಂಗದ ಮುಂದೆ ಲೆಗ್ ಹಾರ್ಮೋನಿಯಂ ಇಟ್ಟುಕೊಂಡು ಕೂತ ಮೇಷ್ಟ್ರು ಇಡೀ ನಾಟಕದ ಉಸಿರನ್ನು ಹಿಡಿದಿರುತ್ತಿದ್ದರು. ಕಂಪನಿಗಳು ಮುಳುಗಿದ ಮೇಲೆ ಆ ವಿದ್ಯೆ ಹಳ್ಳಿಗೆ ಬಂತು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊರುಗಳಲ್ಲಿ ಈಗಲೂ ಬದುಕಿದೆ.

ನಮ್ಮ ಕಡೆ ಅವರನ್ನು ಡ್ರಾಮಾ ಮೇಷ್ಟ್ರು ಎನ್ನುತ್ತಾರೆ. ಡಾರ್ಸಿಯವರ ಹತ್ತಿರದ ಬಂಧುಗಳು ಯಾರೆಂದು ನನ್ನನ್ನು ಕೇಳಿದರೆ ಇವರನ್ನೇ ತೋರಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ಊರವರು 'ಕುರುಕ್ಷೇತ್ರ' ಆಡಬೇಕೆಂದು ಕೂತು ಮಾತಾಡುತ್ತಾರೆ. ಪಾರ್ಟೊಂದಕ್ಕೆ ಇಷ್ಟು ಎಂದು ದುಡ್ಡು ಕಟ್ಟುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಣ್ಣ ಪಾರ್ಟುಗಳಿಗೆ ಕಡಿಮೆ. ಆಮೇಲೆ ಮೇಷ್ಟ್ರನ್ನು ಕರೆಸುತ್ತಾರೆ. ರಾತ್ರಿ ಉಂಡಾದ ಮೇಲೆ ಗುಡಿಯ ಜಗಲಿಯಲ್ಲೋ ಶಾಲೆಯ ಕೋಣೆಯಲ್ಲೋ ಪ್ರಾಕ್ಟೀಸು. ಹಗಲೆಲ್ಲ ಕಬ್ಬು ಕಡಿದವರು, ನಾಲೆಯ ನೀರಿಗೆ ಕಾದವರು, ಹಾಲಿನ ಡೇರಿಯ ಲೆಕ್ಕ ಬರೆದವರು ಬಂದು ಕೂರುತ್ತಾರೆ. ಅವರಲ್ಲಿ ಕೆಲವರಿಗೆ ಅಕ್ಷರ ಬರುವುದಿಲ್ಲ. ಶ್ರುತಿ ಎಂದರೇನೆಂದು ಹಲವರಿಗೆ ಗೊತ್ತಿರುವುದಿಲ್ಲ. ಮೇಷ್ಟ್ರು ತಿದಿ ಒತ್ತಿ, ಒಂದು ಮನೆ ಹಿಡಿದು, 'ಇದರೊಳಗೆ ಬಾ' ಎನ್ನುತ್ತಾರೆ. ಬರುವುದಿಲ್ಲ. ಮತ್ತೆ ಹಿಡಿಯುತ್ತಾರೆ. ಮತ್ತೂ ಬರುವುದಿಲ್ಲ. ವಾರಗಟ್ಟಲೆ ಹೀಗೇ ನಡೆದು ಯಾವುದೋ ಒಂದು ರಾತ್ರಿ ಆ ಒಡಕು ಗಂಟಲು ಸ್ವರದೊಳಗೆ ಹೋಗಿ ಕೂತುಬಿಡುತ್ತದೆ. ಹಾಡಿದವನೇ ಬೆಚ್ಚಿ ಮೇಷ್ಟ್ರ ಮುಖ ನೋಡುತ್ತಾನೆ. ಅವನ ಗಂಟಲಿನಲ್ಲೇ ಇದ್ದದ್ದನ್ನು ಅವನಿಗೇ ಪರಿಚಯ ಮಾಡಿಕೊಟ್ಟ ಹಾಗಾಯಿತು.

ಆಟದ ರಾತ್ರಿ ಮೇಷ್ಟ್ರು ರಂಗದ ಅಂಚಿನಲ್ಲಿ ಕೂರುತ್ತಾರೆ, ಪಕ್ಕದಲ್ಲಿ ತಬಲದವರು. ಬಾಡಿಗೆಯ ಸೀನರಿಯ ಮುಂದೆ, ಝಗಝಗಿಸುವ ದೀಪದಲ್ಲಿ, ಕಿರೀಟ ಹೊತ್ತ ಗೌಡರು ಬಂದು ಕಂದ ಎತ್ತುತ್ತಾರೆ. ಮುಂದೆ ನೂರಾರು ಜನ. ಹೆಂಡತಿ ಮಕ್ಕಳು, ನೆಂಟರು, ದಾಯಾದಿಗಳು ಎಲ್ಲರೂ ಅಲ್ಲಿದ್ದಾರೆ. ಮಾತು ಮರೆತರೆ ಮೇಷ್ಟ್ರ ಬಾಯಿ ಅಲುಗುತ್ತದೆ, ಸ್ವರ ತಪ್ಪಿದರೆ ಅವರ ಬೆರಳು ಓಡಿಹೋಗಿ ಆ ತಪ್ಪಿದ ಜಾಗವನ್ನೇ ಸರಿ ಎನಿಸುವಂತೆ ತುಂಬಿಬಿಡುತ್ತದೆ. ಪಾಂಡವಪುರದ ಹಿಂದಿರುವ ಕುಂತಿಬೆಟ್ಟದಲ್ಲಿ ಪಾಂಡವರು ವನವಾಸದಲ್ಲಿ ತಂಗಿದ್ದರೆಂದು ಜನ ನಂಬುತ್ತಾರೆ. ಆ ಬೆಟ್ಟದ ಕೆಳಗೆ ಬೆಳಕು ಹರಿಯುವವರೆಗೂ ಪಾಂಡವರಾಗಿ ನಿಂತವರು ಈ ರೈತರು. ಅಂಥ ಸಾಮಾನ್ಯರನ್ನು ಒಂದು ರಾತ್ರಿಗೆ ದೊಡ್ಡವರನ್ನಾಗಿ ಮಾಡಿ, ತಾನು ಅಂಚಿನಲ್ಲೇ ಉಳಿದು, ಬೆಳಗಾದ ಮೇಲೆ ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತುವ ಮನುಷ್ಯನನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ.

ಈ ವಾದ್ಯವೂ ಮರ್ಯಾದಸ್ಥರ ಬಾಗಿಲಿನಿಂದ ಹೊರಗೆ ನಿಂತದ್ದೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿತು, ಅದು ಸಡಿಲವಾದದ್ದು 1971ರಲ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಶಕ್ತಿ ಅದಕ್ಕಿಲ್ಲ, ನಮ್ಮ ಗಮಕಗಳನ್ನು ಅದು ಕೊಲ್ಲುತ್ತದೆ ಎಂಬುದು ವಾದ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಟಾಗೋರರಂಥವರೇ ಅದನ್ನು ಒಪ್ಪಿರಲಿಲ್ಲ. ಆದರೆ ಗಮಕವನ್ನು ಬಲ್ಲ ವಿದ್ವಾಂಸರಿಗೆ ಆಧಾರ ಬೇಕಿಲ್ಲ. ಶ್ರುತಿಯೇ ಗೊತ್ತಿಲ್ಲದವರಿಗೆ ಕದಲದೆ ನಿಲ್ಲುವ ಸ್ವರವೇ ಆಧಾರ. ರೇಡಿಯೋದಲ್ಲಿ ಅದು ಸುಮ್ಮನಿದ್ದ ಆ ಮೂವತ್ತು ವರ್ಷ ಮಂಡ್ಯದ ಹಳ್ಳಿಗಳಲ್ಲಿ ರಾತ್ರಿಯಿಡೀ ಹಾಡಿತು.

ಅಮೆರಿಕದ ಬಡ ಚರ್ಚುಗಳಲ್ಲೂ ಹೀಗೆಯೇ ಒಂದು ಅಗ್ಗದ ವಾದ್ಯ ಬಂದು ಕೂತಿತು. ಗಡಿಯಾರ ಮಾಡುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಎಂಬಾತ 1930ರ ದಶಕದ ನಡುವಿನಲ್ಲಿ, ತಿದಿಯೂ ಇಲ್ಲದ, ಕೊಳವೆಯೂ ಇಲ್ಲದ ವಿದ್ಯುತ್ ಆರ್ಗನ್ ಮಾಡಿದರು. ಗಡಿಯಾರದ ಮೋಟಾರಿನಿಂದ ಹಲ್ಲುಗಾಲಿಗಳು ಅಯಸ್ಕಾಂತದ ಮುಂದೆ ತಿರುಗಿ ಸ್ವರ ಹುಟ್ಟಿಸುವ ಉಪಾಯ ಅದು. 1939ರಲ್ಲಿ ಷಿಕಾಗೊದ ಫಸ್ಟ್ ಚರ್ಚ್ ಆಫ್ ಡೆಲಿವರೆನ್ಸ್‌ನಲ್ಲಿ ಕೆನೆತ್ ಮಾರಿಸ್ ಎಂಬ ಸಂಗೀತಗಾರ ಅದನ್ನು ಗಾಸ್ಪೆಲ್‌ಗೆ ತಂದರು. ಮುಂದೆ ಅದಿಲ್ಲದ ಕರಿಯರ ಚರ್ಚನ್ನು ಊಹಿಸಿಕೊಳ್ಳುವುದೇ ಕಷ್ಟವಾಯಿತು. ಪಾದ್ರಿಯ ಉಪದೇಶ ಕಾವೇರಿದಂತೆ ಆರ್ಗನ್ ವಾಕ್ಯಗಳ ನಡುವೆ ನುಸುಳಿ ಉತ್ತರ ಕೊಡುತ್ತದೆ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ.

ಡಾರ್ಸಿಯವರ ಕ್ವಾಯರಿನಲ್ಲಿ ಹಾಡುತ್ತಿದ್ದ ಮಕ್ಕಳಲ್ಲಿ ಒಬ್ಬ ಜೇಮ್ಸ್ ಕ್ಲೀವ್‌ಲ್ಯಾಂಡ್, 1931ರಲ್ಲಿ ಹುಟ್ಟಿದವನು. ಮನೆಯಲ್ಲಿ ಪಿಯಾನೋ ಕೊಳ್ಳಲು ದುಡ್ಡಿರಲಿಲ್ಲ. ಹುಡುಗ ಕಿಟಕಿಯ ಕಟ್ಟೆಯ ಮೇಲೆ ಮನೆಗಳಿವೆಯೆಂದು ಭಾವಿಸಿಕೊಂಡು ಪ್ರತಿ ರಾತ್ರಿ ಬೆರಳಾಡಿಸುತ್ತಿದ್ದ. ಸದ್ದೇ ಬಾರದ ಮರದ ಮೇಲೆ ಅವನಿಗೆ ಏನು ಕೇಳಿಸುತ್ತಿತ್ತು? ಈ ಪ್ರಶ್ನೆಯನ್ನು ನಾನು ಬಿಡಿಸಲಾರೆ, ಬಿಡಿಸಲು ಮನಸ್ಸೂ ಇಲ್ಲ. ಬಾಲ್ಯದ ಸಣ್ಣ ಇಂಪಾದ ಕಂಠವನ್ನು ಮಿತಿಮೀರಿ ದುಡಿಸಿದ್ದಕ್ಕೆ ಅದು ಒಡೆದು ಗೊಗ್ಗರಾಯಿತು. ಅದೇ ಗೊಗ್ಗರು ಕಂಠದಿಂದ ಅವರು ದೊಡ್ಡ ದೊಡ್ಡ ಕ್ವಾಯರುಗಳನ್ನು ನಡೆಸಿದರು. 1967ರಲ್ಲಿ ಗಾಸ್ಪೆಲ್ ಕಲಿಸಲೆಂದೇ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದ ಎಲ್ಲ ಕಡೆಯ ಕ್ವಾಯರುಗಳು ಅಲ್ಲಿ ಸೇರಿ ಕಲಿತು ಹೋಗುತ್ತಿದ್ದವು. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಅರೀತಾ ಫ್ರಾಂಕ್ಲಿನ್ ಹಾಡಿದ 'ಅಮೇಜಿಂಗ್ ಗ್ರೇಸ್' ಧ್ವನಿಮುದ್ರಣವನ್ನು ಕೇಳಿ. ಅರೀತಾ ಆಕಾಶಕ್ಕೇರುತ್ತಾರೆ. ಕೆಳಗೆ ಕ್ಲೀವ್‌ಲ್ಯಾಂಡ್ ಪಿಯಾನೋದಲ್ಲಿ ನೆಲ ಹಿಡಿದಿರುತ್ತಾರೆ, ಅವರ ಕ್ವಾಯರು ಎದ್ದು ನಿಂತು ಪ್ರತಿ ಸೊಲ್ಲಿಗೂ ಉತ್ತರ ಕೊಡುತ್ತದೆ.

ಸೊಲ್ಲಿಗೆ ಸೊಲ್ಲು ಕೊಡುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದುವೆ ಮನೆಯಲ್ಲಿ ಸೋಬಾನೆಗೆ ಕೂತಾಗ ಹಿರಿಯವ್ವ ಒಬ್ಬರು ಸೊಲ್ಲೆತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿಸಿ ಕೊಡುತ್ತಾರೆ. ಆ ಹಿರಿಯವ್ವನಿಗೆ ವಾದ್ಯವಿಲ್ಲ, ಪೀಠವಿಲ್ಲ, ಎಲೆ ಅಡಿಕೆ ಬಿಟ್ಟರೆ ಸಂಭಾವನೆಯೂ ಇಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಇಂಥ ಹಾಡುಗಳಿಗಾಗಿಯೇ ಊರೂರು ಅಲೆದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಅವರು ಕೂಡಿಹಾಕಿದ ಹಾಡುಗಳನ್ನು ಓದುವಾಗ ನನಗೆ ಮೊದಲು ನೆನಪಾಗುವುದು ಸೊಲ್ಲೆತ್ತಿದ ಆ ಕಂಠ.

ಮೇಲುಕೋಟೆಯಲ್ಲಿ ಇನ್ನೊಂದು ಹಳೆಯ ಮೇಳವಿದೆ. ರಾಮಾನುಜರು ಬಂದು ಹನ್ನೆರಡು ವರ್ಷ ನೆಲೆಸಿದ್ದರೆಂದು ಹೇಳುವ ಆ ಬೆಟ್ಟದಲ್ಲಿ, ಆಳ್ವಾರರೆಂಬ ತಮಿಳು ಭಕ್ತಕವಿಗಳ ನಾಲ್ಕು ಸಾವಿರ ಪಾಶುರಗಳನ್ನು ಗೋಷ್ಠಿಯಾಗಿ ಹೇಳುತ್ತಾರೆ. ವಾದ್ಯವಿಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಒಂದೇ ಉಸಿರಿನಲ್ಲಿ ಸೇರುತ್ತಾರೆ. ಚೆಲುವನಾರಾಯಣ ಬೀದಿಗೆ ಬಂದಾಗ ಈ ಪಾಶುರಗಳ ಗೋಷ್ಠಿ ದೇವರ ಮುಂದೆ ಹೋಗುತ್ತದೆ, ವೇದದ ಗೋಷ್ಠಿ ಹಿಂದೆ ಬರುತ್ತದೆ. ಜನರ ನುಡಿಯಲ್ಲಿ ಹುಟ್ಟಿದ ಹಾಡು ಮುಂದೆ, ವೇದ ಹಿಂದೆ. ಈ ಕ್ರಮವನ್ನು ನಿಶ್ಚಯಿಸಿದವರ ಎದೆಯನ್ನು ನೆನೆದರೆ ಕೈ ಮುಗಿಯಬೇಕೆನ್ನಿಸುತ್ತದೆ. ಆ ಆಳ್ವಾರರಲ್ಲಿ ಎಲ್ಲ ಕುಲದವರೂ ಇದ್ದರು, ಆಂಡಾಳೆಂಬ ಹುಡುಗಿಯೂ ಇದ್ದಳು. ಆ ದನಿಗಳ ನಡುವೆ ಬೆಳೆದ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಮುಂದೆ 'ಗೋಕುಲ ನಿರ್ಗಮನ'ದಂಥ ಗೀತನಾಟಕಗಳನ್ನು ಬರೆದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅದನ್ನು ರಂಗಕ್ಕೆ ತಂದವರು ಬಿ.ವಿ. ಕಾರಂತರು. ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಹಾರ್ಮೋನಿಯಂ ಮುಂದಿಟ್ಟುಕೊಂಡು ನಟರಿಂದ ಮೇಳ ಕಟ್ಟಿಸಿದವರು.

ಷಿಕಾಗೊದ ಪಿಲ್‌ಗ್ರಿಮ್ ಚರ್ಚಿನ ಕಟ್ಟಡ 2006ರ ಜನವರಿಯಲ್ಲಿ ಬೆಂಕಿಗೆ ಸಿಕ್ಕಿ ಗೋಡೆಗಳಷ್ಟೇ ಉಳಿದವು. ಡಾರ್ಸಿಯವರು 1993ರಲ್ಲೇ ತೀರಿಕೊಂಡಿದ್ದರು, ತೊಂಬತ್ಮೂರರ ತುಂಬು ವಯಸ್ಸಿನಲ್ಲಿ. ಕಟ್ಟಡ ಹೋದ ಮೇಲೂ ಕ್ವಾಯರು ಉಳಿಯಿತು, ಏಕೆಂದರೆ ಅವರ ವಿದ್ಯೆ ಗೋಡೆಯಲ್ಲಿರಲಿಲ್ಲ. ಇಲ್ಲಿ ನಮ್ಮ ಕಡೆಯೂ ಕಾಲ ಬದಲಾಗಿದೆ. ಡ್ರಾಮಾ ಮೇಷ್ಟ್ರ ಮುಂದೆ ಈಗ ಹಾರ್ಮೋನಿಯಂ ಜೊತೆಗೆ ಕೀಬೋರ್ಡೂ ಬಂದಿದೆ. ಭಾನುವಾರದ ಆರಾಧನೆಗೆ ಚರ್ಚುಗಳಲ್ಲಿ ನುಡಿಸುವುದೂ ಅದನ್ನೇ, ಪಕ್ಕದಲ್ಲಿ ತಬಲ. ಶನಿವಾರ ರಾತ್ರಿ ಕೃಷ್ಣನಿಗೆ ಸ್ವರ ಕೊಟ್ಟ ಥರದ ವಾದ್ಯವೇ ಬೆಳಿಗ್ಗೆ ಕ್ರಿಸ್ತನ ಹಾಡಿಗೆ ಸ್ವರ ಕೊಡುತ್ತಿರುತ್ತದೆ. ಕೆಲವರು ಇದರಿಂದ ಬೇಸರಪಡುತ್ತಾರೆ, ತಿದಿಯ ಜೀವ ಹೋಯಿತೆನ್ನುತ್ತಾರೆ. ನನಗೂ ತಿದಿಯ ಸದ್ದು ಇಷ್ಟ. ಆದರೆ ಕೀಬೋರ್ಡಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಎಲ್ಲ ಮನೆಗಳ ಶ್ರುತಿಯೂ ಒಟ್ಟಿಗೆ ಇಳಿಯುತ್ತದೆ, ನುಡಿಸುವವರ ಬೆರಳು ಇದ್ದಲ್ಲೇ ಇರಬಹುದು. ಕಬ್ಬಿನ ಕಾಲದ ದೂಳಿಗೆ ಗಂಟಲು ಕಟ್ಟಿದ ಭೀಮ ಮೇಲಿನ ಸ್ವರಕ್ಕೆ ಹೋಗಲಾರದೆ ಒದ್ದಾಡುವಾಗ ಮೇಷ್ಟ್ರು ಯಾರಿಗೂ ಕಾಣದಂತೆ ಆ ಗುಂಡಿ ಒತ್ತುತ್ತಾರೆ. ಆಮೇಲೆ ಪಕ್ಕಕ್ಕೆ ಬಾಗಿ, "ಒಂದು ಮನೆ ಇಳಿಸಿವ್ನಿ ಕಣಪ್ಪ, ಈಗ ಎತ್ಕೊ" ಎನ್ನುತ್ತಾರೆ.